ಚೆಕ್‌ರೋಲಿನಲ್ಲಿ ಅರವತ್ತಮೂರು ಹೆಸರು

ರಾತ್ರಿ ಎರಡಕ್ಕೆ ಹಿಡಿದ ಮಳೆ ನಾಲ್ಕಾದರೂ ಬಿಟ್ಟಿರಲಿಲ್ಲ. ಕಾಫಿ ತೋಟದ ಗೋಡೌನಿನಲ್ಲಿ ಖಾಲಿ ಗೋಣಿಚೀಲಗಳ ಮೇಲೆ ಚಾಪೆ ಹಾಸಿಕೊಂಡು ಹದಿನೆಂಟು ಜನ ಮಲಗಿದ್ದೆವು. ಮೇಲೆ ಶೀಟು. ಶೀಟಿನ ಮೇಲೆ ಬೀಳುವ ಮಳೆ ಇರುವುದಕ್ಕಿಂತ ಮೂರು ಪಟ್ಟು ಜೋರಾಗಿ ಕೇಳಿಸುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮಗ್ಗುಲು ಬದಲಿಸಿದೆ. ಪಕ್ಕದಲ್ಲಿದ್ದ ಹುಡುಗ ಕತ್ತಲಲ್ಲೇ ಕೇಳಿದ: "ಸಾರ್, ಕ್ಯಾನ್ಸಲ್ ಮಾಡಬಹುದಾ?" ಅವನ ದನಿಯಲ್ಲಿ ಆತಂಕಕ್ಕಿಂತ ಆಸೆಯೇ ಹೆಚ್ಚಿತ್ತು. ನನಗೂ ಅದೇ ಆಸೆ. ಹೇಳಲಿಲ್ಲ ಅಷ್ಟೆ.

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವಾಗ ಕೈಮರ ದಾಟಿದ ಮೇಲೆ ಸಿಗುವ ತೋಟ ಅದು. ತೋಟದ ಮನೆಯ ಹುಡುಗನಿಗೆ ಓಟದ ಹುಚ್ಚು. ವರ್ಷಕ್ಕೊಮ್ಮೆ ಪರಿಚಯದವರನ್ನೂ ಪರಿಚಯದವರ ಪರಿಚಯದವರನ್ನೂ ಕರೆದು ಬೆಟ್ಟದ ಮೇಲೆ ಮ್ಯಾರಥಾನ್ ಓಡಿಸುತ್ತಾನೆ. ಬ್ಯಾನರ್ ಇಲ್ಲ, ಸ್ಪಾನ್ಸರ್ ಇಲ್ಲ, ಶೂಗೆ ಕಟ್ಟುವ ಚಿಪ್ ಇಲ್ಲ, ಮೆಡಲ್ ಇಲ್ಲ. ಫೀಸು 800 ರೂಪಾಯಿ, ಎರಡು ಹೊತ್ತಿನ ಊಟ ಸೇರಿ. ಮುಗಿಸಿದವರಿಗೆ ಕಾಲು ಕೆ.ಜಿ. ಕಾಫಿ ಪುಡಿ, ಮುಗಿಸದವರಿಗೂ ಕಾಲು ಕೆ.ಜಿ. ಕಾಫಿ ಪುಡಿ. ದೂರದಲ್ಲಿ ಮಾತ್ರ ರಿಯಾಯಿತಿ ಇಲ್ಲ: 42 ಕಿಲೋಮೀಟರ್ ಚಿಲ್ಲರೆ, ಒಟ್ಟು ಏರು ಸುಮಾರು 1,700 ಮೀಟರ್. ಹತ್ತು ಗಂಟೆಯೊಳಗೆ ವಾಪಸ್ ಬರಬೇಕು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಭಯಕ್ಕೆ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು. ಅದಕ್ಕೇ ಕಾಡೊಳಗೆ ಕಾಲಿಡದ ಹಾಗೆ, ತೋಟದ ಜೀಪುದಾರಿ, ಊರಿನ ಕಾಲುದಾರಿ, ಮೇಲಿನ ಹುಲ್ಲುಬೆಟ್ಟದ ಏಣು ಇಷ್ಟನ್ನೇ ಹೊಂದಿಸಿ ದಾರಿ ಮಾಡಿದ್ದರು.

ಏಪ್ರಿಲ್ ತಿಂಗಳ ಮೂರನೇ ಭಾನುವಾರ. ಅಶ್ವಿನಿ ಮಳೆ ಹುಟ್ಟಿ ಕೆಲವೇ ದಿನವಾಗಿತ್ತು. ನಾನು ತಿಪಟೂರಿನ ಕಡೆಯವನು. ನಮ್ಮಲ್ಲಿ ಅಶ್ವಿನಿ ಎಂದರೆ ಕ್ಯಾಲೆಂಡರಿನಲ್ಲಿ ಹುಟ್ಟಿ ಕ್ಯಾಲೆಂಡರಿನಲ್ಲೇ ಸಾಯುವ ಮಳೆ. ಬಂದರೂ ಸಂಜೆ ನಾಲ್ಕಕ್ಕೆ ಗುಡುಗಿ, ಧೂಳು ಅಡಗಿಸಿ, ಆರಕ್ಕೆ ಹೋಗಿಬಿಡುತ್ತದೆ. ಆ ಲೆಕ್ಕದಲ್ಲೇ ಬೆಂಗಳೂರಿನಲ್ಲಿ ಚೀಲ ಕಟ್ಟಿದ್ದೆ. ರೇನ್‌ಕೋಟ್ ಕಡ್ಡಾಯ ಎಂದಿದ್ದರಿಂದ ಬಸ್‌ಸ್ಟ್ಯಾಂಡಿನಲ್ಲಿ ಐವತ್ತು ರೂಪಾಯಿಯ ಪ್ಲಾಸ್ಟಿಕ್ ಕೋಟು ಕೊಂಡೆ. ಒಳ್ಳೆಯ ವಿಂಡ್‌ಚೀಟರ್ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಏಪ್ರಿಲ್‌ನಲ್ಲಿ ಎಂಥ ಚಳಿ ಎಂದು ಅದನ್ನು ಅಲ್ಲೇ ಬಿಟ್ಟು ಬಂದಿದ್ದೆ. ನಂದಿಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಲ್ಲಿ ನಾಲ್ಕು ತಿಂಗಳು ಹತ್ತಿ ಇಳಿದಿದ್ದೇ ನನ್ನ ತಯಾರಿ. ಕಾಲು ಗಟ್ಟಿಯಾಗಿತ್ತು, ತಲೆ ಇನ್ನೂ ಆಗಬೇಕಿತ್ತು.

ಐದು ಗಂಟೆಗೆ ಕಣದ ಅಂಚಿನಲ್ಲಿ ಒಂದು ಬಲ್ಬಿನ ಕೆಳಗೆ ತೋಟದ ರೈಟರ್ ಕೂತಿದ್ದರು. ಅರವತ್ತು ದಾಟಿದ ವಯಸ್ಸು, ತಲೆಗೆ ಕಂಬಳಿ ಟೋಪಿ. ಮುಂದೆ ಚೆಕ್‌ರೋಲ್, ಅಂದರೆ ದಿನಾ ಆಳುಗಳ ಹಾಜರಿ ಹಾಕುವ ಉದ್ದನೆ ಪುಸ್ತಕ. ಅದರ ಒಂದು ಹೊಸ ಹಾಳೆಯಲ್ಲಿ ನಮ್ಮೆಲ್ಲರ ಹೆಸರು ಬರೆದು, ಸೀಟಿ ಊದಿಸಿ, ಟಾರ್ಚ್ ಹಚ್ಚಿಸಿ, ಒಂದು ಲೀಟರ್ ನೀರು ಇದೆಯೇ ನೋಡಿ, ಮುಂದೆ ಒಂದು ಗೆರೆ ಎಳೆಯುತ್ತಿದ್ದರು. "ಹೋಗುವಾಗ ಒಂದು ಗೆರೆ, ಬಂದಮೇಲೆ ಇನ್ನೊಂದು. ಮಧ್ಯ ಸಾಕಾಯ್ತು ಅಂತ ಬಿಟ್ಟು ಹೋದ್ರೂ ನಂಗೆ ಹೇಳಿ ಹೋಗಿ ಮಾರಾಯ್ರೆ. ಗೆರೆ ತಾಳೆ ಆಗದಿದ್ರೆ ನಂಗೆ ನಿದ್ದೆ ಬರೂದಿಲ್ಲ." ಒಟ್ಟು ಅರವತ್ತಮೂರು ಹೆಸರು.

ತೋಟದ ಯಜಮಾನರು, ಓಟದ ಹುಡುಗನ ತಂದೆ, ಛತ್ರಿ ಹಿಡಿದು ನಿಂತಿದ್ದರು. ಮುಖ ಸಿಟ್ಟಿನಲ್ಲಿತ್ತು. ನಮ್ಮ ಮೇಲಲ್ಲ, ಮಳೆಯ ಮೇಲೆ. "ಹೂ ಬಿಟ್ಟ ದಿನವೇ ಹುಯ್ಯಬೇಕಾ ಇದು? ಹದಿನೈದು ಇಪ್ಪತ್ತು ದಿನ ಬಿಟ್ಟು ಬಂದಿದ್ರೆ ಬ್ಯಾಕಿಂಗ್ ಆಗ್ತಿತ್ತು." ಕಾಫಿಯ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಬೆಳೆಯದೆ ಹಾಗೇ ಕೂತಿರುತ್ತದಂತೆ. ಒಂದು ಒಳ್ಳೆ ಮಳೆ, ಅಂದರೆ ಇಂಚಿನ ಆಸುಪಾಸು, ಬಿದ್ದರೆ ಎಚ್ಚೆತ್ತು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೇ ಹೂವಾಗುತ್ತದೆ. ಅದು ಹೂಮಳೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ಅದು ಬ್ಯಾಕಿಂಗ್. ನಡುವೆ, ಹೂ ಅರಳಿದ ಎರಡು ಮೂರು ದಿನ ಮಾತ್ರ ಮಳೆ ಬರಬಾರದು. ಹೂವಿನಿಂದ ಹೂವಿಗೆ ಪರಾಗ ಸಾಗಬೇಕಾದ ರೊಬಸ್ಟಾಕ್ಕೆ ಅದು ದೊಡ್ಡ ಪೆಟ್ಟು. ತನ್ನ ಹೂವಿನ ಪರಾಗದಲ್ಲೇ ಕಾಯಿ ಕಟ್ಟುವ ಅರೇಬಿಕಾ ಅಷ್ಟೊಂದು ಕೆಡುವುದಿಲ್ಲ. "ಅದೊಂದು ಪುಣ್ಯ" ಎಂದು ಅವರೇ ಸಮಾಧಾನ ಮಾಡಿಕೊಂಡರು. ಆ ಹೊತ್ತಿಗೆ ಬೈಯುವುದಕ್ಕೆ ನಮಗೆ ಒಳ್ಳೆ ಜೊತೆ ಸಿಕ್ಕಂತಾಗಿತ್ತು.

ಐದೂವರೆಗೆ ಆಳುಗಳನ್ನು ಕರೆಯಲು ಬಾರಿಸುವ ಕಂಬಿಯ ತುಂಡಿಗೆ ಸುತ್ತಿಗೆಯಲ್ಲಿ ಟಣ್ ಎಂದು ಹೊಡೆದರು. ಹೊರಟೆವು.

ಮೊದಲ ಒಂಬತ್ತು ಕಿಲೋಮೀಟರ್ ತೋಟದೊಳಗೇ. ಸಿಲ್ವರ್ ಮರಗಳ ನಡುವೆ ಜೀಪುದಾರಿ, ಎರಡೂ ಕಡೆ ಎದೆಯೆತ್ತರದ ಗಿಡ, ಗಿಡದ ತುಂಬ ಬಿಳಿ. ಒದ್ದೆ ಹೂವಿನ ವಾಸನೆ ಮೂಗಿಗಲ್ಲ, ಗಂಟಲಿಗೇ ಇಳಿಯುತ್ತಿತ್ತು. ಇಷ್ಟರವರೆಗೆ ಚೆನ್ನಾಗಿತ್ತು. ತೊಂದರೆ ಏನೆಂದರೆ, ತಿರುವುಗಳಲ್ಲಿ ದಾರಿ ತೋರಿಸಲು ಹಿಂದಿನ ದಿನ ಸಂಜೆ ಸುಣ್ಣದ ಪುಡಿಯಲ್ಲಿ ಬಾಣದ ಗುರುತು ಹಾಕಿದ್ದರು. ಮಳೆ ಅದನ್ನೆಲ್ಲ ತೊಳೆದು, ಬದಲಿಗೆ ಕಾಫಿ ಹೂ ಉದುರಿಸಿತ್ತು. ಟಾರ್ಚಿನ ಬೆಳಕಿಗೆ ಕಂಡ ಬಿಳಿಯೆಲ್ಲ ಬಾಣವೇ. ಅಂಥದೊಂದು ಹೂವಿನ ಬಾಣ ನಂಬಿ ನಾವು ಆರು ಜನ ಎಡಕ್ಕೆ ತಿರುಗಿ, ಒಂದೂವರೆ ಕಿಲೋಮೀಟರ್ ಇಳಿದು, ಯಾರದೋ ತೋಟದ ಆಳುಗಳ ಲೈನ್‌ಮನೆಗಳ ಅಂಗಳಕ್ಕೆ ಹೋಗಿ ನಿಂತೆವು. ನಾಲ್ಕು ನಾಯಿ ಒಟ್ಟಿಗೇ ಎದ್ದವು. ಬಾಗಿಲಲ್ಲಿ ಮುಖ ತೊಳೆಯುತ್ತಿದ್ದ ಹೆಂಗಸೊಬ್ಬರು ಚೊಂಬು ಹಿಡಿದೇ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಎಂತ ಕಳೆದುಕೊಂಡ್ರಿ?" ಎಂದು ಕೇಳಿದರು. ದಾರಿ ಎಂದೆವು. ಅವರು ನಗಲೂ ಇಲ್ಲ. ಕೈಯಲ್ಲಿದ್ದ ಚೊಂಬಿನಿಂದಲೇ ಮೇಲಕ್ಕೆ ತೋರಿಸಿದರು. ಇಳಿದಿದ್ದನ್ನೆಲ್ಲ ಮತ್ತೆ ಹತ್ತಿದೆವು. ಅಲ್ಲಿಗೆ ನನ್ನ 42ಕ್ಕೆ 3 ಸೇರಿ 45 ಆಯಿತು. ಅದಕ್ಕೆ ಯಾರ ಪುಸ್ತಕದಲ್ಲೂ ಲೆಕ್ಕವಿಲ್ಲ.

ತೋಟ ಮುಗಿದು ಹುಲ್ಲುಬೆಟ್ಟ ಶುರುವಾಗುವ ಏರಿನಲ್ಲಿ ಓಟ ಅನ್ನುವ ಮಾತೇ ಇಲ್ಲ. ಎರಡು ಕೈಯನ್ನೂ ಮಂಡಿಯ ಮೇಲೆ ಊರಿ, ಮಂಡಿಯನ್ನು ಕೈಯಿಂದಲೇ ನೂಕಿಕೊಂಡು ಹತ್ತುವುದು. ಕೆಂಪು ಜೇಡಿ ಶೂ ತಳಕ್ಕೆ ಮೆತ್ತಿ ಒಂದೊಂದು ಕಾಲೂ ಮುದ್ದೆ ತೊಳಸುವ ಕೋಲಿನ ಹಾಗಾಗಿತ್ತು. ಕೆರೆದು ಹಾಕಿದರೆ ಹತ್ತು ಹೆಜ್ಜೆಗೆ ಮತ್ತೆ ಅಷ್ಟೇ. ಇಂಬಳ, ಅಂದರೆ ಜಿಗಣೆ, ಆಗಲೇ ಎದ್ದಿದ್ದವು. ಮೊದಮೊದಲು ಒಂದೊಂದನ್ನೂ ಕಿತ್ತು ಎಸೆದೆ. ಆಮೇಲೆ ಇರಲಿ, ಅವೂ ಬದುಕಲಿ ಎಂದು ಬಿಟ್ಟೆ.

ಏಣಿನ ಮೇಲೆ ಬಂದಾಗ ಒಂಬತ್ತೂವರೆ. ಬಿಸಿಲಿನ ದಿನವಾದರೆ ಅಲ್ಲಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಎದುರಿಗೇ ಕಾಣುತ್ತದೆಂದು ಹೇಳಿದ್ದರು. ನನಗೆ ಕಂಡಿದ್ದು ನನ್ನ ಕೈ, ಅದರಾಚೆ ಹತ್ತು ಹೆಜ್ಜೆ ಹುಲ್ಲು, ಅಷ್ಟೇ. ಮಂಜು ನಿಂತಿರಲಿಲ್ಲ, ಅಡ್ಡಡ್ಡ ಓಡುತ್ತಿತ್ತು. ಗಾಳಿ ಬೀಸಿದ ಮೊದಲ ಐದು ನಿಮಿಷದಲ್ಲೇ ಐವತ್ತು ರೂಪಾಯಿಯ ಕೋಟು ಕಂಕುಳಲ್ಲಿ ಹರಿದು, ಬೆನ್ನ ಹಿಂದೆ ಜಾತ್ರೆಯ ಬಾವುಟದ ಹಾಗೆ ಪಟಪಟ ಅನ್ನತೊಡಗಿತು. ಒಳಗಿದ್ದದ್ದು ಹತ್ತಿಯ ಬನಿಯನ್. ಬನಿಯನ್ ಒದ್ದೆಯಾದರೆ ಏನಾಗುತ್ತದೆಂದು ಮೊದಲೇ ಗೊತ್ತಿತ್ತು, ಓದಿದ್ದೆ. ಓದಿದ್ದು ಬೇರೆ, ಬೆನ್ನಿಗೆ ಅಂಟುವುದು ಬೇರೆ.

ಹತ್ತುವಾಗ ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ, ಚಳಿ ಗೊತ್ತಾಗುವುದಿಲ್ಲ. ಸಮತಟ್ಟಿನಲ್ಲಿ, ಸುಸ್ತಾಗಿ ನಡೆಯತೊಡಗಿದಾಗ ಅದು ಒಳಗೆ ಬರುತ್ತದೆ. ಮೊದಲು ಹಲ್ಲು ಕಟಕಟ ಅಂದವು. ಆಮೇಲೆ ಹಸಿವಾಯಿತೆಂದು ಸೊಂಟದ ಚೀಲದಿಂದ ಕಡಲೆಮಿಠಾಯಿ ತೆಗೆದೆ. ಪೊಟ್ಟಣ ಬಿಚ್ಚಲು ಬರಲಿಲ್ಲ. ಬೆರಳುಗಳು ಇದ್ದವು, ನೋಡಬಹುದಿತ್ತು. ಆದರೆ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತಾಗುತ್ತಲೇ ಇಲ್ಲ. ಹಲ್ಲಿನಿಂದ ಕಚ್ಚಿದೆ, ಹಲ್ಲು ನಿಲ್ಲುತ್ತಿಲ್ಲ. ನನಗೆ ಯಾಕೋ ಅದು ಬಹಳ ತಮಾಷೆ ಅನ್ನಿಸಿ, ಪೊಟ್ಟಣ ಹಿಡಿದು ಒಬ್ಬನೇ ನಗುತ್ತ ನಿಂತುಬಿಟ್ಟೆ. ಹಿಂದಿನಿಂದ ಬಂದ ಹೆಂಗಸೊಬ್ಬರು ನಿಂತು ಮಾತಾಡಿಸಿದರು. ವೃತ್ತಿಯಿಂದ ಡಾಕ್ಟರಂತೆ, ಹಾಸನದವರು.

"ಏನ್ ಸಾರ್, ಹುಷಾರಾ?"

ಹುಷಾರು ಅಂದೆ. ನನ್ನ ಕಿವಿಗೇ ಅದು ಕುಡಿದವನ ಮಾತಿನ ಹಾಗೆ ಕೇಳಿಸಿತು.

"ನೂರರಿಂದ ಏಳೇಳು ಕಳೀತಾ ಹೋಗಿ ನೋಡೋಣ."

"ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತ..." ಅಲ್ಲಿಗೆ ನಿಂತೆ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವನು ನಾನು. "ಎಪ್ಪತ್ತೆಂಟು" ಅಂದೆ.

ಅವರು ಮರುಮಾತಾಡದೆ ಚೀಲದಿಂದ ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಕವರ್ ತೆಗೆದು, ತಳದಲ್ಲೂ ಎರಡು ಪಕ್ಕದಲ್ಲೂ ಹಲ್ಲಿನಿಂದ ತೂತು ಮಾಡಿ, ನನ್ನ ಬನಿಯನ್ ಬಿಚ್ಚಿಸಿ, ಬರಿಮೈಮೇಲೆ ಅದನ್ನು ಅಂಗಿಯ ಹಾಗೆ ತೊಡಿಸಿದರು. ಮೇಲೆ ತಮ್ಮ ಚೀಲದ ಒಣ ಟೀ ಶರ್ಟು, ಅದರ ಮೇಲೆ ನನ್ನ ಹರಕು ಕೋಟು. ಕಡಲೆಮಿಠಾಯಿ ಬಿಚ್ಚಿ ಬಾಯಿಗೇ ಇಟ್ಟರು, ಮಕ್ಕಳಿಗೆ ಇಡುವ ಹಾಗೆ. "ಮೈಯ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿದ್ರೆ ಅದೇ ಹೈಪೋಥರ್ಮಿಯ. ಮಂಜುಗಡ್ಡೆ ಏನೂ ಬೇಕಾಗಿಲ್ಲ. ಗಾಳಿ, ಒದ್ದೆ ಬಟ್ಟೆ, ಖಾಲಿ ಹೊಟ್ಟೆ ಇದ್ರೆ ಏಪ್ರಿಲ್ ತಿಂಗಳೂ ಸಾಕು. ನಡೀರಿ, ನಿಲ್ಲಬೇಡಿ." ಅರ್ಧ ಗಂಟೆ ನನ್ನ ಪಕ್ಕದಲ್ಲೇ ನಡೆದರು. ಅವರ ಟೈಮು ಹಾಳಾಯಿತು ಎಂದು ನಾನು ಸಂಕೋಚಪಟ್ಟರೆ, "ಇಲ್ಲಿ ಟೈಮ್ ಬರ್ಕೊಳ್ಳೋದೇ ಆ ರೈಟರ್, ಅವರ ಗಡಿಯಾರಾನೇ ಐದು ನಿಮಿಷ ಮುಂದಿದೆ" ಎಂದರು.

ಮೊದಲ ಮಿಂಚು ಹನ್ನೊಂದರ ಹೊತ್ತಿಗೆ. ಮಂಜಿನೊಳಗೆ ಮಿಂಚಿದರೆ ಗೆರೆ ಕಾಣುವುದಿಲ್ಲ, ಸುತ್ತಲಿನ ಬಿಳುಪೆಲ್ಲ ಒಮ್ಮೆ ಹೊತ್ತಿಕೊಂಡು ಆರುತ್ತದೆ. ಡಾಕ್ಟರಮ್ಮ ಎಣಿಸಿದರು. ಹನ್ನೆರಡಕ್ಕೆ ಗುಡುಗಿತು. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡು ಬೇಕು, ಅಂದರೆ ನಾಲ್ಕು ಕಿಲೋಮೀಟರ್ ಆಚೆ. ಮೂವತ್ತರೊಳಗೆ ಕೇಳಿಸಿತೆಂದರೆ ಬಯಲಲ್ಲಿ ಇರಬಾರದು. ಬೋಳುಬೆಟ್ಟದ ಏಣಿನ ಮೇಲೆ ಅತಿ ಎತ್ತರದ ವಸ್ತು ನಾವೇ. ಒಂಟಿಮರದ ಕೆಳಗೆ ನಿಲ್ಲುವುದು ಅದಕ್ಕಿಂತ ಕೆಟ್ಟದ್ದು. ಸದ್ಯ, ಮುನ್ನೂರು ಮೀಟರ್ ಕೆಳಗೆ ರಸ್ತೆಯ ತಿರುವಿನಲ್ಲಿ ನೀರು, ಬಾಳೆಹಣ್ಣು ಕೊಡಲೆಂದು ಒಂದು ಹಳೇ ಮಾರುತಿ ಓಮ್ನಿ ನಿಂತಿತ್ತು. ಟಾರ್ಪಾಲಿನ ಜೀಪಾಗಿದ್ದರೆ ಪ್ರಯೋಜನವಿರಲಿಲ್ಲ. ಸುತ್ತಲೂ ತಗಡು ಮುಚ್ಚಿದ ಗಾಡಿಯಾದರೆ ಸಿಡಿಲು ತಗಡಿನ ಮೇಲಿಂದಲೇ ನೆಲಕ್ಕೆ ಹೋಗುತ್ತದೆ. ಎರಡನೇ ಮಿಂಚಿಗೂ ಗುಡುಗಿಗೂ ನಡುವೆ ಐದೇ ಎಣಿಕೆ. ಅಷ್ಟರಲ್ಲಿ ನಾವು ಬಾಗಿಲು ಎಳೆದುಕೊಂಡಿದ್ದೆವು.

ಓಮ್ನಿಯೊಳಗೆ ಹನ್ನೊಂದು ಜನ. ಯಾರ ಮೊಣಕಾಲು ಯಾರದೆಂದು ತಿಳಿಯುತ್ತಿರಲಿಲ್ಲ. ಕಿಟಕಿ ಹಬೆ ಕಟ್ಟಿ ಬೆಳ್ಳಗಾಗಿ, ಒಳಗೆ ಬೆವರು, ಬಾಳೆಹಣ್ಣು, ನೋವಿನ ಮುಲಾಮು ಎಲ್ಲ ಸೇರಿದ ವಾಸನೆ. ಆಲಿಕಲ್ಲು ಬಿದ್ದಾಗ ತಗಡಿನ ಮೇಲೆ ಯಾರೋ ಕಡಲೆ ಸುರಿದ ಹಾಗೆ ಸದ್ದು. ಒಂದೊಂದು ಸಿಡಿಲಿಗೂ ಮೂಲೆಯಲ್ಲಿದ್ದ ಹಿರಿಯರೊಬ್ಬರು "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಅಜ್ಜಿ ಹೇಳಿಕೊಟ್ಟದ್ದು, ನನಗೂ ನಾಲಿಗೆ ತುದಿಗೆ ಬಂತು. ಹೇಳಿದೆ. ನಂಬಿಕೆ ಗಿಂಬಿಕೆ ಆಮೇಲೆ ನೋಡಿಕೊಳ್ಳೋಣ.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಯಾರೂ ಹೊರಡಬಾರದು ಎಂದು ಗಾಡಿಯ ಹುಡುಗನಿಗೆ ಹೇಳಿ ಕಳಿಸಿದ್ದರಂತೆ. ಗೋಡೌನಿನಲ್ಲಿ ನನ್ನ ಪಕ್ಕ ಮಲಗಿದ್ದವನೂ ಅಲ್ಲೇ ಇದ್ದ. ಇಪ್ಪತ್ತು ನಿಮಿಷಕ್ಕೇ ಅವನಿಗೆ ತಡೆಯಲಿಲ್ಲ. "ಕಾಲು ಮರಗಟ್ಟುತ್ತೆ, ನಾ ಹೋಗ್ತೀನಿ" ಎಂದ. ನಾವು ಹೇಳಿದೆವು, ಗಾಡಿಯ ಹುಡುಗ ಬೇಡಿಕೊಂಡ, ಡಾಕ್ಟರಮ್ಮ ಗದರಿಸಿದರು. ಬಾಗಿಲು ಜಾರಿಸಿ ಇಳಿದೇ ಬಿಟ್ಟ. ಅವನ ಹಳದಿ ಟೋಪಿ ಮಂಜಿನಲ್ಲಿ ಮುಳುಗಿತು. ಅಂಥವರ ಮೇಲೆ ನನಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚು ಇರುತ್ತಿತ್ತು. ಅವತ್ತು ಬರಲಿಲ್ಲ, ಸಿಟ್ಟು ಬಂತು.

ನಾವು ಹೊರಟಿದ್ದು ಐವತ್ತು ನಿಮಿಷ ಕಳೆದ ಮೇಲೆ. ಮರಗಟ್ಟಿದ್ದು ನಿಜ. ಮೊದಲ ಹತ್ತು ಹೆಜ್ಜೆ ಹನ್ನೊಂದು ಮುದುಕರು ತೀರ್ಥಯಾತ್ರೆ ಹೊರಟ ಹಾಗಿತ್ತು.

ಇಳುಕಲಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡು ಸಲ ಬಿದ್ದೆ, ಎರಡು ಸಲವೂ ಕೂತ ಭಂಗಿಯಲ್ಲೇ. 31ನೇ ಕಿಲೋಮೀಟರಿನ ಆಸುಪಾಸು ಜೇಡಿಯಲ್ಲಿ ಸಿಕ್ಕ ಬಲಗಾಲನ್ನು ಎಳೆದಾಗ ಪಚಕ್ ಎಂದಿತು. ಕಾಲು ಬಂತು, ಶೂ ಬಂತು, ತಳ ಬರಲಿಲ್ಲ. ಹಿಮ್ಮಡಿಯಿಂದ ಮುಕ್ಕಾಲು ಭಾಗ ಬಿಟ್ಟುಕೊಂಡು, ಮೊಸಳೆ ಬಾಯಿ ತೆರೆದ ಹಾಗೆ ನೇತಾಡುತ್ತಿತ್ತು. ಎಂಟು ಸಾವಿರ ಕೊಟ್ಟು ತಂದ ಶೂ. ಬೆಟ್ಟಕ್ಕೆಂದೇ ಮಾಡಿದ್ದು ಎಂದು ಅಂಗಡಿಯವನು ಹೇಳಿದ್ದ. ಯಾವ ಬೆಟ್ಟ ಎಂದು ಕೇಳಬೇಕಿತ್ತು. ಟಪ್ಪ, ಟಪ್ಪ ಎಂದು ತಳ ಬಡಿದುಕೊಂಡೇ ಎರಡು ಕಿಲೋಮೀಟರ್ ನಡೆದು ತೋಟದ ಮೇಲಿನ ಡಿವಿಷನ್ನಿನ ಪಲ್ಪರ್ ಮನೆಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮನೆಗೆ, ಬಂದೆ. ಅಲ್ಲಿ ಕರಿಕಾಫಿಯ ಕೆಟಲ್ ಕಾಯುತ್ತ ಕೂತಿದ್ದವರು ಅದೇ ರೈಟರ್.

ಶೂ ನೋಡಿ ಅವರು ಮಾತಾಡಲಿಲ್ಲ. ಬೆಲ್ಲ ಹಾಕಿದ ಕಾಫಿ ಕೈಗೆ ಕೊಟ್ಟು, ಶೂ ಈಸಿಕೊಂಡು ನಲ್ಲಿಯಲ್ಲಿ ತೊಳೆದರು. ಗೂಡಿನಿಂದ ಒಂದು ದಬ್ಬಣ, ಗೋಣಿದಾರದ ಉಂಡೆ ತೆಗೆದರು. ಕಾಫಿ ಚೀಲದ ಬಾಯಿ ಹೊಲಿಯುವ ದಬ್ಬಣ ಅದು, ತುದಿ ಸ್ವಲ್ಪ ಬಾಗಿರುತ್ತದೆ. ದಾರವನ್ನು ಎರಡೆಳೆ ಮಾಡಿ ತೊಡೆಯ ಮೇಲೆ ಹೊಸೆದು, ಮೇಣದ ತುಂಡಿಗೆ ಒಂದು ಸಲ ಉಜ್ಜಿದರು. ತಳದ ರಬ್ಬರಿನ ಏಣುಗಳ ನಡುವಿನ ತಗ್ಗು ಹುಡುಕಿ ಅಲ್ಲಿ ಚುಚ್ಚಿದರು, "ದಾರ ಮೇಲೆ ಬಂದ್ರೆ ಕಲ್ಲಿಗೆ ಸವೆದು ಹೋಗ್ತದೆ, ಒಳಗೆ ಕೂರಬೇಕು." ಒಂದೊಂದು ಹೊಲಿಗೆಗೂ ಅಂಗೈಯಲ್ಲಿ ಚರ್ಮದ ತುಂಡು ಇಟ್ಟು ದಬ್ಬಣವನ್ನು ಒತ್ತಿ, ಆ ಕಡೆಯಿಂದ ಹಲ್ಲಿನಲ್ಲಿ ಎಳೆಯುತ್ತಿದ್ದರು. ಹದಿನಾಲ್ಕು ಹೊಲಿಗೆ. ಮುಗಿಸಿ, ಎರಡೂ ಕೈಯಿಂದ ಶೂವನ್ನು ತಿರುಚಿ ನೋಡಿ, "ಐವತ್ತು ಕೇಜಿ ಕಾಫಿ ತಡೀತದೆ, ನಿಮ್ಮನ್ನು ತಡೀಲಿಕ್ಕಿಲ್ವಾ?" ಎಂದು ಹೊಟ್ಟೆಯ ಕಡೆ ಒಮ್ಮೆ ನೋಡಿದರು.

ತಡೆಯಿತು. ಗಂಟಿನ ಕಡೆ ಸ್ವಲ್ಪ ಒತ್ತುತ್ತಿತ್ತು, ಅಷ್ಟೇ. ಕೊನೆಯ ಒಂಬತ್ತು ಕಿಲೋಮೀಟರಿನಲ್ಲಿ ಮಳೆಯೂ ಸಣ್ಣಗಾಯಿತು. ಮೀನಖಂಡ ಎರಡು ಸಲ ಹಿಡಿದುಕೊಂಡಿತು, ಉಪ್ಪು ನೆಕ್ಕಿ ನೀವಿಕೊಂಡೆ. ಕಣಕ್ಕೆ ಬಂದಾಗ ಎರಡು ಗಂಟೆ ನಲವತ್ತೇಳು. ಒಂಬತ್ತು ಗಂಟೆ ಹದಿನೇಳು ನಿಮಿಷ. ಚಪ್ಪಾಳೆ ತಟ್ಟಲು ಮೂರು ಜನ ಇದ್ದರು, ಅದರಲ್ಲಿ ಒಬ್ಬರು ಅಡುಗೆಯವರು. ಬಿಸಿನೀರಿನ ಹಂಡೆ, ಕಡುಬು, ಕಾಯಿಚಟ್ನಿ. ಯಜಮಾನರು ಮಳೆಮಾಪಕ ನೋಡಿ ಬಂದು, "ಒಂದು ಇಂಚು ನಲವತ್ತು ಸೆಂಟ್" (ನೂರು ಸೆಂಟಿಗೆ ಒಂದು ಇಂಚು) ಎಂದು ಯಾರಿಗೆಂದಿಲ್ಲದೆ ಹೇಳಿ ಒಳಗೆ ಹೋದರು.

ಮೂರನೇ ಕಡುಬಿಗೆ ಕೈ ಹಾಕಿದ್ದೆ, ಕಣದ ಆಚೆ ಗುಸುಗುಸು ಶುರುವಾಯಿತು. ರೈಟರ್ ಮೇಲಿನಿಂದ ಬಂದು ಚೆಕ್‌ರೋಲ್ ಹಿಡಿದು ಕೂತಿದ್ದರು. ಹಿಂದಿದ್ದವರೂ ಬಂದಾಯಿತು, ಗೆರೆ ಅರವತ್ತೆರಡು. ಹಳದಿ ಟೋಪಿಯವನಿಲ್ಲ. ಓಮ್ನಿಯಿಂದ ಇಳಿದ ಮೇಲೆ ಅವನನ್ನು ಕಂಡವರಿಲ್ಲ. ಫೋನ್ ಹತ್ತುತ್ತಿಲ್ಲ. ಓಟದ ಹುಡುಗನ ಮುಖ ಸುಣ್ಣವಾಯಿತು. ಎರಡು ಜೀಪು ಹೊರಟವು. ಆಗತಾನೇ 42 ಕಿಲೋಮೀಟರ್ ಓಡಿದವರಲ್ಲೇ ಐದಾರು ಜನ ಮತ್ತೆ ಒದ್ದೆ ಶೂ ಹಾಕಿಕೊಂಡು ಜೀಪು ಹತ್ತಿದರು, ಡಾಕ್ಟರಮ್ಮನೂ. ನಾನು ಹೋಗಲಿಲ್ಲ. ಎದ್ದು ನಿಲ್ಲಲು ಗೋಡೆ ಹಿಡಿಯಬೇಕಿತ್ತು. ಕಡುಬು ಗಂಟಲಲ್ಲಿ ಇಳಿಯಲಿಲ್ಲ. ಆ ಹಳದಿ ಟೋಪಿ ಮಂಜಿನಲ್ಲಿ ಮುಳುಗಿದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಬಾಗಿಲ ಪಕ್ಕದ ಸೀಟಿನಲ್ಲಿ ಇದ್ದವನು ನಾನೇ. ಕೈ ಹಿಡಿದು ಎಳೆಯಬಹುದಿತ್ತು.

ನಾಲ್ಕೂವರೆಗೆ ಫೋನ್ ಬಂತು. ಅವನದೇ. ಏಣಿನ ಮೇಲೆ ಇನ್ನೊಂದು ಸಿಡಿಲಿಗೆ ಹೆದರಿ, ರಸ್ತೆಗೆ ಇಳಿದು, ಯಾರೋ ಪ್ರವಾಸಿಗರ ಕಾರು ಹತ್ತಿ ಚಿಕ್ಕಮಗಳೂರು ಸೇರಿದನಂತೆ. ಅಲ್ಲಿಂದ ಬಸ್ಸು. ಫೋನು ಒದ್ದೆಯಾಗಿತ್ತು, ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಚಾರ್ಜರಿಗೆ ಹಾಕಿದ ಮೇಲೆ ಜೀವ ಬಂತಂತೆ. ನನ್ನ ಚೀಲ ಗೋಡೌನಿನಲ್ಲೇ ಉಳಿದಿದೆ, ಕೊರಿಯರ್ ಮಾಡ್ತೀರಾ ಎಂದು ಕೇಳಲು ಮಾಡಿದ ಫೋನು. ಓಟದ ಹುಡುಗ ಬೈಯಲಿಲ್ಲ. ಫೋನಿಟ್ಟು, ಕಣದ ಮೆಟ್ಟಿಲ ಮೇಲೆ ಕೂತು, ಎರಡು ಕೈಯಲ್ಲಿ ಮುಖ ಒರೆಸಿಕೊಂಡ. ಜೀಪುಗಳನ್ನು ವಾಪಸ್ ಕರೆಸಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು, ಮೇಲೆ ನೆಟ್‌ವರ್ಕ್ ಇಲ್ಲ.

ರೈಟರ್ ಕನ್ನಡಕ ಏರಿಸಿ ಆ ಹೆಸರಿನ ಮುಂದೆ ಬಹಳ ಹೊತ್ತು ಪೆನ್ನು ಹಿಡಿದಿದ್ದರು. ಗೆರೆ ಎಳೆಯಲಿಲ್ಲ. "ಮಧ್ಯಾಹ್ನಕ್ಕೆ ಹೇಳದೆ ಹೋದವರಿಗೆ ಅರ್ಧ ದಿನದ ಹಾಜರಿ" ಎಂದು ½ ಎಂದು ಬರೆದರು. ನನ್ನ ಸಾಲು ತೋರಿಸಿ, ದಾರಿ ತಪ್ಪಿ ಮೂರು ಕಿಲೋಮೀಟರ್ ಹೆಚ್ಚು ಬಂದಿದ್ದೇನೆ ಎಂದೆ.

"ಅದಕ್ಕೆ ಓಟಿ ಕೊಡೂದಿಲ್ಲ" ಎಂದು ಪುಸ್ತಕ ಮುಚ್ಚಿದರು.